ಕೈ ನಡುಗಿದರೂ ಕಲ್ಲು ನಡುಗಬಾರದು

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದ ಬಿಸಿಲಿನಿಂದ ನವರಂಗಕ್ಕೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಕತ್ತಲೆ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷವಾದರೂ ಬೇಕು. ಆಮೇಲೆ ಒಂದೊಂದಾಗಿ ಕಂಬಗಳು ತೋರುತ್ತವೆ. ನಡುವಿನ ನಾಲ್ಕು ಕಂಬಗಳ ತಲೆಯ ಮೇಲೆ ಮುಂದಕ್ಕೆ ಬಾಗಿ ನಿಂತ ನಾಲ್ವರು ಮದನಿಕೆಯರೂ, ಅವರ ಮೇಲೆ ಭುವನೇಶ್ವರಿಯ ಕೆತ್ತನೆಯೂ ಕಾಣತೊಡಗುತ್ತವೆ. 1117ರಲ್ಲಿ ವಿಷ್ಣುವರ್ಧನ ಈ ದೇವರನ್ನು ಪ್ರತಿಷ್ಠಾಪಿಸಿದಾಗ ನವರಂಗ ಇಷ್ಟು ಕತ್ತಲೆಯಾಗಿರಲಿಲ್ಲ. ಕಂಬಗಳ ನಡುವೆ ಈಗಿರುವ ಜಾಲಂಧ್ರಗಳು ಆತನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದ ಸೇರ್ಪಡೆ ಎಂಬುದು ವಿದ್ವಾಂಸರ ಅಭಿಪ್ರಾಯ. ಮೊಮ್ಮಗ ದೇವಾಲಯಕ್ಕೆ ಭದ್ರತೆ ಒದಗಿಸಿದ. ಎಂಟು ಶತಮಾನಗಳ ನಂತರ ಬರಲಿದ್ದ ಛಾಯಾಗ್ರಾಹಕರ ಪಾಡು ಅವನಿಗೆ ಹೇಗೆ ತಿಳಿಯಬೇಕು!

ಆ ಪಾಡು ಸಣ್ಣದಲ್ಲ. ಬೇಲೂರಿನ ಮದನಿಕೆಯರ ಪೈಕಿ ಹಲವರ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು, ಊರು, ಬಿರುದುಗಳನ್ನು ಚಿಕ್ಕ ಅಕ್ಷರಗಳಲ್ಲಿ ಬಿಟ್ಟುಹೋಗಿದ್ದಾರೆ. ನಮ್ಮ ನಾಡಿನ ಎಷ್ಟೋ ದೇವಾಲಯಗಳಲ್ಲಿ ಕಟ್ಟಿಸಿದ ಅರಸನ ಹೆಸರು ಉಳಿದು ಕೆತ್ತಿದವನ ಹೆಸರು ಅಳಿದಿರುವಾಗ ಇದು ಅಪರೂಪದ ಸಂಪತ್ತು. ಆದರೆ ಆ ಅಕ್ಷರಗಳಿರುವುದು ಆಳೆತ್ತರಕ್ಕಿಂತ ಬಹಳ ಮೇಲೆ, ಸೂರಿನ ನೆರಳಿನಲ್ಲಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟವಾಗಲಿ, 1919ರಲ್ಲಿ ಆರ್. ನರಸಿಂಹಾಚಾರ್ ಅವರು ಮೈಸೂರು ಪುರಾತತ್ವ ಇಲಾಖೆಯಿಂದ ಹೊರತಂದ ಬೇಲೂರು ದೇವಾಲಯದ ಗ್ರಂಥವಾಗಲಿ ಹಿಂದೆ ಸರ್ಕಾರದ ಬಲವಿದ್ದ ಕೆಲಸಗಳು. ಒಬ್ಬಂಟಿ ಆಸಕ್ತನಿಗೆ ಉಳಿಯುವ ದಾರಿ ಒಂದೇ: ನೆಲದ ಮೇಲೆ ನಿಂತು ಉದ್ದನೆಯ ಟೆಲಿ ಲೆನ್ಸಿನಿಂದ ಚಿತ್ರ ತೆಗೆಯುವುದು. ಚಿತ್ರ ಅಲುಗಿದರೆ ಮದನಿಕೆಯ ಮುಖ ಹೇಗೋ ಗುರುತು ಸಿಕ್ಕೀತು, ಚಾವಣನ ಹೆಸರು ಸಿಕ್ಕದು.

ಛಾಯಾಗ್ರಹಣ ಈ ಸೀಮೆಗೆ ಬಂದದ್ದು ಬಹಳ ಬೇಗ. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಕೊನೆಯ ಹೊತ್ತಿಗೆ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಅವನು ಇಟ್ಟ 68 ಚಿತ್ರಗಳು ಪರಿಣತರ ಮೆಚ್ಚುಗೆ ಪಡೆದವು. ಅದೇ ದಶಕದಲ್ಲಿ ಡಾಕ್ಟರ್ ನೀಲ್, ಡಾಕ್ಟರ್ ಪಿಗೂ ಇಲ್ಲಿ ಓಡಾಡಿದರು. ಕ್ಯಾಪ್ಟನ್ ಓಕ್ಲಿ ಹಳೇಬೀಡಿನ ಒಂದೇ ದೇವಾಲಯದ 56 ಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅಂದಿನ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ. ಟ್ರೈಪ್‌ನ ಋಣಚಿತ್ರ ಮೂಡುತ್ತಿದ್ದುದು ಮೇಣ ಸವರಿದ ಕಾಗದದ ಮೇಲೆ. ಅದಕ್ಕೆ ಬೆಳಕು ನಿಮಿಷಗಟ್ಟಲೆ ಬೀಳಬೇಕು. ಅಷ್ಟು ಹೊತ್ತು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ. ಮುಕ್ಕಾಲಿ ನೆಟ್ಟು ದೂರ ಸರಿದು ನಿಲ್ಲಬೇಕು. ಕಲ್ಲು ಕದಲುವುದಿಲ್ಲವಾದ್ದರಿಂದ ಆ ಚಿತ್ರಗಳು ಇಂದಿಗೂ ನಿಖರವಾಗಿವೆ. ಅವರ ಎದುರು ಮನುಷ್ಯರು ನಡೆದಾಡಿದ್ದರೆ ಅಂಥವರು ಚಿತ್ರದಲ್ಲಿ ಉಳಿದಿಲ್ಲ.

ಹಾಗಾದರೆ ಇಂದೂ ಮುಕ್ಕಾಲಿಯನ್ನೇ ಬಳಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕಲ್ಲಿನ ಶಿಲ್ಪಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಈಗಲೂ ಇಲ್ಲ. ಆದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಬೇಕು. ಬೇಲೂರಿನದು ಪೂಜೆ ನಡೆಯುವ ಗುಡಿ ಬೇರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಭಕ್ತರೂ ಪ್ರವಾಸಿಗಳೂ ಕೂಡಿದ ಸಾಲಿನ ನಡುವೆ ಮೂರು ಕಾಲು ಚಾಚಿ ನಿಲ್ಲಿಸುವುದು ಸಭ್ಯತೆಯೂ ಅಲ್ಲ. ಇನ್ನು ಫ್ಲಾಷ್ ಬೆಳಕು ನುಣುಪಾದ ಬಳಪದ ಕಲ್ಲಿನ ಮೇಲೆ ಥಳ್ಳನೆ ಹೊಳೆದು ಹಿಂತಿರುಗುತ್ತದೆ. ಉಬ್ಬುತಗ್ಗುಗಳ ನೆರಳನ್ನೆಲ್ಲ ಅಳಿಸಿ ಶಿಲ್ಪವನ್ನು ಚಪ್ಪಟೆ ಮಾಡುತ್ತದೆ. ಅಲ್ಲಿಗೆ ಉಳಿದದ್ದು ಎರಡು ಕೈ ಮಾತ್ರ.

ಕೈ ನಡುಗುತ್ತದೆ. ಉಸಿರು, ನಾಡಿ, ಸ್ನಾಯುಗಳ ಬಿಗಿತ, ಇವೆಲ್ಲ ಸೇರಿ ಯಾರ ಕೈಯನ್ನೂ ಪೂರ್ತಿ ಸ್ತಬ್ಧವಾಗಿರಲು ಬಿಡುವುದಿಲ್ಲ. ಟೆಲಿ ಲೆನ್ಸ್ ದೂರದ ಮದನಿಕೆಯನ್ನು ಹತ್ತಿರ ತರುವಾಗ ಈ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಕ್ಯಾಮೆರಾ ಒಂದು ಡಿಗ್ರಿಯ ನೂರರಲ್ಲೊಂದು ಪಾಲು ಓಲಾಡಿತೆನ್ನೋಣ. 50 ಮಿ.ಮೀ. ಲೆನ್ಸಿನಲ್ಲಿ ಬಿಂಬ ಜರುಗುವುದು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಕಡಿಮೆ. 300 ಮಿ.ಮೀ. ಲೆನ್ಸಿನಲ್ಲಿ ಅದು ನೂರರಲ್ಲಿ ಐದು ಪಾಲು, ಅಂದರೆ 24 ಮೆಗಾಪಿಕ್ಸೆಲ್‌ಗಳ ಪೂರ್ಣಗಾತ್ರದ ಸೆನ್ಸರಿನಲ್ಲಿ ಸುಮಾರು ಒಂಬತ್ತು ಪಿಕ್ಸೆಲ್‌ಗಳಷ್ಟು. ಸಣ್ಣ ಅಕ್ಷರಗಳನ್ನು ಕಲಸಿಬಿಡಲು ಇಷ್ಟು ಸಾಕು. ಹಳೆಯ ಛಾಯಾಗ್ರಾಹಕರು ಇದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದರು: ಲೆನ್ಸ್ 300 ಮಿ.ಮೀ. ಆದರೆ ಷಟರ್ ಸೆಕೆಂಡಿನ ಮುನ್ನೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ನವರಂಗದ ಕತ್ತಲೆಯಲ್ಲಿ ಅಷ್ಟು ಸಮಯಕ್ಕೆ ಫಿಲ್ಮಿನ ಮೇಲೆ ಕಪ್ಪು ಬಿಟ್ಟು ಬೇರೇನೂ ಮೂಡದು.

ಈ ಗಂಟನ್ನು ಬಿಡಿಸಲು ತಯಾರಕರು ಹಿಡಿದದ್ದು ಎರಡು ದಾರಿ. ಮೊದಲನೆಯದು ಲೆನ್ಸಿನ ದಾರಿ. 1995ರಲ್ಲಿ ಕ್ಯಾನನ್ ಕಂಪನಿ ಹೊರತಂದ 75-300 ಮಿ.ಮೀ. ಲೆನ್ಸಿನೊಳಗೆ ಗೈರೋ ಸಂವೇದಕಗಳಿದ್ದವು. ಅವು ನಡುಕವನ್ನು ಅಳೆದು ತಿಳಿಸಿದ ಕೂಡಲೇ ಲೆನ್ಸಿನೊಳಗಿನ ಗಾಜಿನ ಒಂದು ಗುಂಪು ಅದಕ್ಕೆ ತಕ್ಕಂತೆ ಸರಿದು, ಬಿಂಬವನ್ನು ಅದರ ಜಾಗದಲ್ಲೇ ನಿಲ್ಲಿಸುತ್ತಿತ್ತು. ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸು ಹೆಜ್ಜೆಹೆಜ್ಜೆಗೂ ಕತ್ತನ್ನು ತಿದ್ದಿಕೊಳ್ಳುವ ಹಾಗೆ. ಆ ಮೊದಲ ಲೆನ್ಸಿನ ಲಾಭ ಎರಡು ಸ್ಟಾಪ್. ಒಂದೊಂದು ಸ್ಟಾಪಿಗೂ ಷಟರ್ ಸಮಯ ಇಮ್ಮಡಿ. ಮುನ್ನೂರರಲ್ಲೊಂದು ಎಪ್ಪತ್ತೈದರಲ್ಲೊಂದಾಯಿತು. ಒಂದು ತಮಾಷೆಯೂ ಇತ್ತು. ಆಗಿನ ಲೆನ್ಸನ್ನು ಭದ್ರವಾದ ಟ್ರೈಪಾಡಿನ ಮೇಲೆ ಕೂರಿಸಿದರೆ ಈ ಯಂತ್ರವನ್ನು ಆರಿಸಬೇಕಾಗಿತ್ತು. ಇಲ್ಲದಿದ್ದರೆ ಅದು ಇಲ್ಲದ ನಡುಕವನ್ನು ಹುಡುಕಿ ಹುಡುಕಿ ತಾನೇ ನಡುಕ ಹುಟ್ಟಿಸುತ್ತಿತ್ತು.

ಎರಡನೆಯದು ಕ್ಯಾಮೆರಾದ ಒಡಲಿನ ದಾರಿ. ಫಿಲ್ಮನ್ನು ಹೀಗೆ ಅತ್ತಿತ್ತ ಆಡಿಸುವುದು ಸುಲಭವಲ್ಲ, ಸೆನ್ಸರನ್ನು ಆಡಿಸಬಹುದು. ಮಿನೋಲ್ಟಾ 2003ರಲ್ಲಿ ಒಂದು ಡಿಜಿಟಲ್ ಕ್ಯಾಮೆರಾದಲ್ಲಿ, ಕೊನಿಕಾದೊಡನೆ ಕೂಡಿಕೊಂಡ ಮೇಲೆ 2004ರಲ್ಲಿ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾದಲ್ಲಿ ಇದನ್ನು ಮಾಡಿ ತೋರಿಸಿತು. 2006ರಲ್ಲಿ ಆ ವಿದ್ಯೆ ಸೋನಿಯ ಪಾಲಾಯಿತು. ಒಲಿಂಪಸ್ 2012ರಲ್ಲಿ ಸೆನ್ಸರನ್ನು ಐದು ಬಗೆಯ ಚಲನೆಗೆ ಒಗ್ಗಿಸಿತು. ಕ್ಯಾಮೆರಾ ಗಡಿಯಾರದ ಮುಳ್ಳಿನಂತೆ ತಿರುಗಿದಾಗ ಆಗುವ ದೋಷವನ್ನು ಲೆನ್ಸಿನ ಗಾಜು ತಿದ್ದಲಾರದು, ಸೆನ್ಸರ್ ತಿದ್ದಬಲ್ಲದು. ಇದಕ್ಕಿಂತ ದೊಡ್ಡ ಅನುಕೂಲವೆಂದರೆ ಹಣ ಒಮ್ಮೆ ತೆತ್ತರೆ ಸಾಕು. ತಂದೆಯ ಕಾಲದ ಹಳೆಯ ಲೆನ್ಸನ್ನು ಹೊಂದಿಸುವ ಕೊಂಡಿಯೊಂದು ಸಿಕ್ಕಿ, ಅದರ ನಾಭಿದೂರವನ್ನು ಕ್ಯಾಮೆರಾಕ್ಕೆ ಕೈಯಾರೆ ತಿಳಿಸಿದರೆ ಅದೂ ನಡುಗದ ಲೆನ್ಸಾಗುತ್ತದೆ. ಸಂಬಳದಲ್ಲಿ ಉಳಿಸಿ ಕ್ಯಾಮೆರಾ ಕೊಳ್ಳುವ ಶಾಲಾ ಮೇಷ್ಟರಿಗೆ ಇದು ಸಣ್ಣ ಮಾತಲ್ಲ.

ಯಾವುದು ಮೇಲು ಎಂಬ ವಾದ ಹತ್ತು ಹದಿನೈದು ವರ್ಷ ನಡೆಯಿತು. ಉದ್ದನೆಯ ಲೆನ್ಸಿನ ವಿಷಯದಲ್ಲಿ ಲೆನ್ಸಿನ ಪಕ್ಷದ್ದೇ ಮೇಲುಗೈ ಎನ್ನಬೇಕು. ಮೇಲಿನ ಲೆಕ್ಕವೇ ಇದಕ್ಕೆ ಕಾರಣ. ನಾಭಿದೂರ ಹೆಚ್ಚಿದಂತೆ ಬಿಂಬ ಹೆಚ್ಚು ದೂರ ಜರುಗುತ್ತದೆ. ಸೆನ್ಸರ್ ಅದರ ಹಿಂದೆಯೇ ಓಡಬೇಕು, ಆದರೆ ಅದರ ಓಟಕ್ಕಿರುವ ಜಾಗ ಕೆಲವೇ ಮಿಲಿಮೀಟರು. ಲೆನ್ಸಿನೊಳಗಿನ ಗಾಜಿಗಾದರೆ ಒಂದಿಷ್ಟು ಕದಲಿಕೆ ಸಾಕು. ಮೇಲಾಗಿ ಕನ್ನಡಿ ಇರುವ ಕ್ಯಾಮೆರಾಗಳ ಕಿಂಡಿಯಲ್ಲಿ ಲೆನ್ಸಿನ ಸ್ಥಿರತೆ ಕಣ್ಣಿಗೂ ಕಾಣುತ್ತಿತ್ತು, ಸೆನ್ಸರಿನದು ಕಾಣುತ್ತಿರಲಿಲ್ಲ. ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದ ಮೇಲೆ ಈ ಎರಡನೆಯ ಕೊರತೆ ನೀಗಿತು. ಕೊನೆಗೆ ಆದದ್ದು ಬೀಗರ ಕಥೆ. ಒಡಲಿನ ಪಕ್ಷದ ಒಲಿಂಪಸ್ 2016ರಲ್ಲಿ ತನ್ನ 300 ಮಿ.ಮೀ. ಲೆನ್ಸಿನೊಳಗೇ ಸ್ಥಿರಕವನ್ನಿಟ್ಟಿತು, ಲೆನ್ಸಿನ ಪಕ್ಷದ ಕ್ಯಾನನ್ 2020ರಲ್ಲಿ ತನ್ನ ಕ್ಯಾಮೆರಾದ ಒಡಲಿಗೆ ಅದನ್ನು ಬರಮಾಡಿಕೊಂಡಿತು. ಈಗ ಎರಡೂ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಐದು ಸ್ಟಾಪ್ ಲಾಭ ಸಿಕ್ಕಿತೆಂದರೆ 300 ಮಿ.ಮೀ. ಲೆನ್ಸನ್ನು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತು ಕೈಯಲ್ಲೇ ಹಿಡಿಯಬಹುದು.

ಇದೆಲ್ಲ ಕಲ್ಲಿಗೆ ಸಲ್ಲುವ ಮಾತು. ಅರಸೀಕೆರೆಯ ಮಗ್ಗುಲಿನ ಮಾಲೇಕಲ್ಲು ತಿರುಪತಿಯ ಆಷಾಢದ ತೇರನ್ನು ಸಂಜೆಗತ್ತಲಲ್ಲಿ ತೆಗೆಯಹೊರಟರೆ ಯಾವ ಸ್ಥಿರಕವೂ ಕೈಹಿಡಿಯದು. ಕ್ಯಾಮೆರಾ ನಿಂತಿರುತ್ತದೆ, ತೇರು ನಿಲ್ಲುವುದಿಲ್ಲ. ಹಿಂದಿನ ಬೆಟ್ಟ ಸ್ಪಷ್ಟವಾಗಿ ಬಂದು ಹಗ್ಗ ಎಳೆಯುವವರು ಹೊಗೆಯಂತೆ ಬರುತ್ತಾರೆ. ಬೇಲೂರಿನ ನೆರೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರಕ್ಕಾಗಿ ತಾಳ್ಮೆಯಿಂದ ಕಾದದ್ದು ಕನ್ನಡ ಓದುಗರಿಗೆ ತಿಳಿದಿದೆ. ರೆಕ್ಕೆ ಬಡಿಯುವ ಹಕ್ಕಿಗೆ ಬೇಕಾದುದು ಬೆಳಕು ಮತ್ತು ವೇಗದ ಷಟರ್, ನಡುಗದ ಕೈಯಲ್ಲ.

ಅರಸೀಕೆರೆಯ 1220ರ ಶಿವಾಲಯದ ನಕ್ಷತ್ರಾಕಾರದ ಮುಖಮಂಟಪ ತೆರೆದೇ ಇರುವುದರಿಂದ ಅಲ್ಲಿ ಬೆಳಕಿಗೆ ಬರವಿಲ್ಲ. ಬೇಲೂರಿಗೆ ಹೋಗುವವರು ಮಾತ್ರ ಇನ್ನೂ ಹಳೆಯ ಉಪಾಯಗಳನ್ನೇ ಬೆರೆಸಿಕೊಳ್ಳುತ್ತಾರೆ. ಹೊರಗಿನ ಜಗತಿಯ ಮೇಲೆ ಮದನಿಕೆಯ ಎದುರು ಕಾಲಗಲಿಸಿ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ತಡೆದು, ಒಂದೇ ಸಮನೆ ಎಂಟು ಹತ್ತು ಚಿತ್ರ ತೆಗೆಯುತ್ತಾರೆ. ಆಮೇಲೆ ನೆರಳಿಗೆ ಬಂದು ಪರದೆಯ ಮೇಲೆ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾರೆ. ಏಳೆಂಟರಲ್ಲಿ ಪೀಠದ ಅಂಚು ಕಲಸಿರುತ್ತದೆ. ಒಂದರಲ್ಲಿ ಹಳಗನ್ನಡದ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ.