ಆತುರರ ಬಾಗಿಲು: ಚಿಕಿತ್ಸೆಯ ವೆಚ್ಚವನ್ನು ಹೊತ್ತವರ ಚರಿತ್ರೆ

ಪಾಠಶಾಲೆಗಳಲ್ಲಿ ವೈದ್ಯಗ್ರಂಥಗಳನ್ನು ಓದಿದವರಿಗೆ ಚಿಕಿತ್ಸೆಯ ನಾಲ್ಕು ಪಾದಗಳು ವಿದಿತವೇ ಆಗಿರುವುವು: ವೈದ್ಯ, ಔಷಧ, ಪರಿಚಾರಕ, ರೋಗಿ. ಈ ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಆಚಾರ್ಯರು ಹೇಳಿರುವರು. ರೋಗಿಯಲ್ಲಿರಬೇಕಾದ ಗುಣಗಳನ್ನು ಎಣಿಸುವಾಗ ಚರಕನು ಜ್ಞಾಪಕಶಕ್ತಿ, ವೈದ್ಯನ ಮಾತಿನಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಎಂದು ಹೇಳಿ ಮುಗಿಸಿದನು. ಅವನ ತರುವಾಯ ಬಂದ ವಾಗ್ಭಟನಾದರೋ ಅಷ್ಟಾಂಗಹೃದಯದಲ್ಲಿ ಆಢ್ಯತ್ವವನ್ನು, ಎಂದರೆ ಧನವಂತಿಕೆಯನ್ನು, ಮೊಟ್ಟಮೊದಲನೆಯ ಗುಣವಾಗಿ ಇಟ್ಟನು. ಬಾಲ್ಯದಲ್ಲಿ ಈ ಭಾಗವು ಪಾಠಕ್ಕೆ ಬಂದಾಗ, ಧನವು ಗುಣವಾಗುವುದೆಂತು ಎಂದು ಈ ಲೇಖಕನು ಗುರುಗಳನ್ನು ಕೇಳಿದನು. “ಅವನು ಲೋಕವನ್ನು ಕಂಡು ಬರೆದವನು, ನೀನೂ ಲೋಕವನ್ನು ಕಂಡಮೇಲೆ ತಿಳಿದೀಯೆ” ಎಂದು ಅವರು ಅಪ್ಪಣೆ ಕೊಡಿಸಿದರು.

ಲೋಕವನ್ನು ಕಾಣುವ ಸಂದರ್ಭವು ಕೆಲವು ವರ್ಷಗಳ ಹಿಂದೆ ಬಸವೇಶ್ವರನಗರದಲ್ಲಿ ಒದಗಿತು. ಭಕ್ತರೊಬ್ಬರ ಮನೆಯಲ್ಲಿ ಪೂಜೆ ಮುಗಿದು ಪ್ರಸಾದವಾದ ಮೇಲೆ ಆ ಮನೆಯ ವೃದ್ಧರಿಗೆ ಎದೆನೋವು ಕಾಣಿಸಿಕೊಂಡಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದರು. ಎರಡನೆಯದರಲ್ಲಿ ಹಾಸಿಗೆ ಇದ್ದಿತು. ಆದರೆ ಮುಂಗಡ ಹಣವನ್ನು ಕಟ್ಟಿರೆಂದರು. ಮೂರನೆಯದು ಸರಕಾರದ ಆಸ್ಪತ್ರೆ. ಅಲ್ಲಿ ಹಣವನ್ನು ಕೇಳಲಿಲ್ಲ, ವೈದ್ಯರು ಒಡನೆಯೇ ನೋಡಿದರು. ಆದರೆ ವಾರ್ಡಿನಲ್ಲಿ ಸ್ಥಳವಿಲ್ಲದ ಕಾರಣ ಬೆಳಗಿನ ತನಕ ಅವರು ಪಡಸಾಲೆಯಲ್ಲಿ ಗಾಲಿಮಂಚದ ಮೇಲೆಯೇ ಮಲಗಿರಬೇಕಾಯಿತು. ಶಿವಕೃಪೆಯಿಂದ ಜೀವ ಉಳಿಯಿತು. ಆ ರಾತ್ರಿ ಗುರುವಾಕ್ಯದ ಅರ್ಥವು ಮನಸ್ಸಿಗೆ ಬಂದಿತು. ರೋಗಿಯು ಹೊರಬೇಕಾದ ಈ ಮೊದಲನೆಯ ಗುಣವನ್ನು ಅವನ ಹೆಗಲಿನಿಂದ ಇಳಿಸಿ ಬೇರೆಯವರು ಹೊತ್ತುಕೊಂಡದ್ದು ನಮ್ಮ ನಾಡಿನಲ್ಲಿ ಹೇಗೆ ನಡೆಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಮೊದಲು ಹೊತ್ತವರು ದಾನಿಗಳು ಮತ್ತು ಮಠಗಳು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕಾಳಾಮುಖರ ಕೋಡಿಯ ಮಠವನ್ನು ವರ್ಣಿಸುವ ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಹೊಗಳುವುದರ ಜತೆಗೆ, ದೀನರಿಗೂ ಅನಾಥರಿಗೂ ಅನ್ನ ದೊರೆಯುವ ಮತ್ತು ಅನಾಥ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ ಹೇಳುತ್ತದೆ. ಅನ್ನ, ವಿದ್ಯೆ, ಔಷಧಗಳು ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದುವು. ಅವುಗಳ ವೆಚ್ಚವು ಭೂದತ್ತಿಗಳಿಂದ ಸಾಗುತ್ತಿದ್ದಿತು. ಅದು ಬಿಜ್ಜಳನ ಕಾಲ. ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕ ದಾಸೋಹಗಳನ್ನು ಆಚರಣೆಗೆ ತಂದ ಕಾಲವೂ ಅದೇ. ಆ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಕಾಯಕಜೀವಿಯೂ ಇದ್ದನೆಂಬುದನ್ನು ನಾವು ಮರೆಯಲಾಗದು. ಆದರೆ ದತ್ತಿಯು ಭೂಮಿಯ ಫಸಲನ್ನೂ ದೊರೆಯ ಮನಸ್ಸನ್ನೂ ಅವಲಂಬಿಸಿದ್ದುದು. ದತ್ತಿ ನಿಂತರೆ ಔಷಧವೂ ನಿಲ್ಲುತ್ತಿದ್ದಿತು.

ಎರಡನೆಯದಾಗಿ ಹೊತ್ತದ್ದು ಅರಮನೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣೀವಿಲಾಸ ಸನ್ನಿಧಾನವೆಂಬ ಬಿರುದಿನಿಂದ ರಾಜ್ಯಭಾರವನ್ನು ವಹಿಸಿದ್ದಾಗ, ೧೮೯೭ರ ಜೂನ್ ೨೨ರಂದು ಬೆಂಗಳೂರಿನ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವಿಡಲ್ಪಟ್ಟಿತು. ಕಟ್ಟಡವು ಏಳುತ್ತಿರುವಾಗಲೇ, ೧೮೯೮ರಲ್ಲಿ, ಪ್ಲೇಗು ನಗರಕ್ಕೆ ನುಗ್ಗಿತು. ೧೯೦೦ರ ಡಿಸೆಂಬರ್ ೮ರಂದು ವೈಸರಾಯ್ ಕರ್ಜನ್ ಪ್ರಭುಗಳು ಆಸ್ಪತ್ರೆಯನ್ನು ತೆರೆದರು. ಅಂದು ಅಲ್ಲಿ ಇದ್ದ ಹಾಸಿಗೆಗಳು ೧೪೦. ೧೯೦೧ರ ಜನಗಣತಿಯಂತೆ ನಗರವೂ ದಂಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು ೧ ಲಕ್ಷ ೫೯ ಸಾವಿರ. ಇಂದು ಅದು ಕೋಟಿಯನ್ನು ದಾಟಿರುವುದು. ಆಸ್ಪತ್ರೆಗಳೂ ಹಾಸಿಗೆಗಳೂ ಬಹಳವಾಗಿ ಹೆಚ್ಚಿದುವು. ಆದರೂ ಹಣವನ್ನು ಕೇಳದ ಬಾಗಿಲುಗಳು ಕೆಲವೇ ಆದುದರಿಂದ, ಬೇರೆಡೆ ತಿರುಗಿ ಬಂದವರೆಲ್ಲ ಕಡೆಗೆ ಆ ಬಾಗಿಲುಗಳ ಮುಂದೆಯೇ ನೆರೆಯುವರು.

ಮೂರನೆಯದಾಗಿ ಹೊತ್ತವರು ದುಡಿಯುವವರೇ. ೧೯೪೮ರಲ್ಲಿ ಕಾರ್ಮಿಕರ ರಾಜ್ಯವಿಮಾ ಕಾಯಿದೆ ಆಯಿತು. ಜನರು ಇದನ್ನು ಇ.ಎಸ್.ಐ. ಎಂದು ಕರೆಯುವರು. ೧೯೫೮ರಲ್ಲಿ ಇದು ಬೆಂಗಳೂರಿಗೆ ಬಂದಿತು. ಪಶ್ಚಿಮದಲ್ಲಿ ಗಿರಣಿಗಳ ಮತ್ತು ರಾಜಾಜಿನಗರದ ಕಾರ್ಖಾನೆಗಳ ಆಳುಗಳ ಸಂಬಳದಲ್ಲಿ ಒಂದು ಅಲ್ಪಾಂಶವನ್ನು ಹಿಡಿದು, ಧಣಿಗಳಿಂದ ಅದಕ್ಕಿಂತ ಹೆಚ್ಚಿನ ಅಂಶವನ್ನು ಪಡೆದು, ಅವರ ಚಿಕಿತ್ಸೆಯನ್ನು ನಡೆಸಲಾಯಿತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಈ ವ್ಯವಸ್ಥೆಯ ಫಲ. ೨೦೧೯ರ ಜುಲೈಯಿಂದ ನೌಕರನ ಅಂಶವು ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯದು ಮೂರೂಕಾಲು ರೂಪಾಯಿ ಎಂದು ಗೊತ್ತಾಯಿತು. ಇದರಲ್ಲಿನ ಹೊಸ ಧರ್ಮಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಇಲ್ಲಿ ರೋಗಿಯು ಯಾಚಕನಲ್ಲ, ಹಕ್ಕುದಾರ. ಹಣದ ಮಾತು ರೋಗ ಬಂದ ಗಳಿಗೆಯಲ್ಲಿ ಅಲ್ಲ, ಆರೋಗ್ಯವಿದ್ದ ದಿನದಲ್ಲಿಯೇ ಮುಗಿದುಹೋಗಿರುವುದು. ಆದರೆ ಮನೆಗೆಲಸದವಳು, ಹೂವು ಮಾರುವವಳು, ಆಟೋ ಓಡಿಸುವವನು, ಇವರಿಗೆ ಧಣಿಯಾರು? ಅವರು ಈ ಕೊಡೆಯ ಹೊರಗೇ ಉಳಿದರು.

ಒಕ್ಕಲಿಗನಿಗೂ ಇಂತಹ ಧಣಿ ಇಲ್ಲವಷ್ಟೆ. ಅವನಿಗಾಗಿ ೨೦೦೩ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆಯು ಆಚರಣೆಗೆ ಬಂದಿತು. ಸಹಕಾರ ಸಂಘದ ಸದಸ್ಯನು ತಿಂಗಳಿಗೆ ೫ ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ ೬೦ ರೂಪಾಯಿ ಕೊಟ್ಟರೆ, ಸರಕಾರವು ತಾನೂ ಕೈಗೂಡಿಸಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಹಿಸುತ್ತಿದ್ದಿತು. ಹನಿ ಕೂಡಿ ಹಳ್ಳವಾದ ಕಥೆಯಿದು. ೨೦೧೮ರಲ್ಲಿ ಇದು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, ೨೦೨೨ರಲ್ಲಿ ಪುನಃ ಬೇರೆಯಾಗಿ ತಲೆಯೆತ್ತಿತು. ೨೦೧೮ರಲ್ಲಿಯೇ ಆಯುಷ್ಮಾನ್ ಭಾರತದೊಡನೆ ಕೂಡಿದ ಆರೋಗ್ಯ ಕರ್ನಾಟಕದಂತೆ ಬಡಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯೂ, ಉಳಿದವರಿಗೆ ಗೊತ್ತುಮಾಡಿದ ದರದಲ್ಲಿ ನೂರಕ್ಕೆ ೩೦ರಂತೆ ಒಂದೂವರೆ ಲಕ್ಷದವರೆಗೆ ನೆರವೂ ಏರ್ಪಟ್ಟುವು. ಭಾರತದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆರುವ ಭಾಗವು ೨೦೧೩-೧೪ರಲ್ಲಿ ನೂರಕ್ಕೆ ೬೪.೨ ಇದ್ದುದು ೨೦೨೧-೨೨ರಲ್ಲಿ ೩೯.೪ಕ್ಕೆ ಇಳಿದಿರುವುದೆಂದು ಸರಕಾರದ ಲೆಕ್ಕವು ಹೇಳುತ್ತದೆ. ಭಾರವು ಇಳಿದಿದೆ, ಆದರೆ ಪೂರ್ತಿಯಾಗಿ ಇಳಿದಿಲ್ಲ.

ಹೀಗಿದ್ದರೂ ತುರ್ತುಚಿಕಿತ್ಸೆಯ ಬಾಗಿಲಿನಲ್ಲಿ ಜನಸಂದಣಿ ಏಕೆ? ನಮ್ಮ ಕೆರೆಗಳ ರೀತಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಳ್ಳದಿಂದ ನೀರು ಹೆಚ್ಚಾಗಿ ಬಂದರೆ ಮಾತ್ರವೇ ಕೆರೆ ಉಕ್ಕುವುದಿಲ್ಲ. ತೂಬು ಕಟ್ಟಿಕೊಂಡರೂ ಉಕ್ಕುವುದು. ತುರ್ತುವಿಭಾಗದಲ್ಲಿ ಜೀವ ನಿಂತ ರೋಗಿಯನ್ನು ವಾರ್ಡಿಗೆ ಸಾಗಿಸಬೇಕು. ವಾರ್ಡು ತುಂಬಿದ್ದರೆ ಅವನು ಅಲ್ಲಿಯೇ ಉಳಿಯುವನು. ಅವನ ಹಿಂದೆ ಬಂದವನು ಪಡಸಾಲೆಯಲ್ಲಿ, ಅವನ ಹಿಂದಿನವನು ವಾಹನದಲ್ಲಿ. ೨೦೨೧ರ ಏಪ್ರಿಲ್, ಮೇ ತಿಂಗಳುಗಳ ಕೊರೋನ ಹಾವಳಿಯಲ್ಲಿ ಧನವಂತರೂ ಹಾಸಿಗೆಗಾಗಿ ಅಲೆದರೆಂಬುದನ್ನು ನಾವೆಲ್ಲ ಕಂಡೆವು. ವಾಗ್ಭಟನ ಆಢ್ಯತ್ವವೂ ಅಂದು ಕೆಲಸಕ್ಕೆ ಬರಲಿಲ್ಲ. ಇಲ್ಲದ ಹಾಸಿಗೆಯನ್ನು ಯಾವ ಹಣವೂ ಕೊಳ್ಳಲಾರದು.

ನ್ಯಾಯಸ್ಥಾನವು ಈ ಬಾಗಿಲನ್ನು ಕುರಿತು ಸುಮ್ಮನಿರಲಿಲ್ಲ. ಪ್ರಾಣಾಪಾಯದಲ್ಲಿರುವವನನ್ನು ಉಪಚರಿಸುವುದು ಎಲ್ಲ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು ೧೯೮೯ರಲ್ಲಿ ಹೇಳಿತು. ಬಂಗಾಳದಲ್ಲಿ ರೈಲಿನಿಂದ ಬಿದ್ದವನೊಬ್ಬನನ್ನು ಹಲವು ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಿರುಗಿಸಿದ ಮೊಕದ್ದಮೆಯಲ್ಲಿ, ಹಣದ ಕೊರತೆಯನ್ನು ಮುಂದೊಡ್ಡಿ ಸರಕಾರವು ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ೧೯೯೬ರಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ ೨೦೧೭ರ ತಿದ್ದುಪಡಿಯು, ತುರ್ತುಸಮಯದಲ್ಲಿ ಖಾಸಗಿ ಆಸ್ಪತ್ರೆಗಳು ಮುಂಗಡ ಹಣಕ್ಕೆ ಒತ್ತಾಯಿಸಕೂಡದೆಂದೂ, ಬಾಕಿಗಾಗಿ ಶವವನ್ನು ತಡೆಹಿಡಿಯಕೂಡದೆಂದೂ ವಿಧಿಸಿತು. ೨೦೧೬ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಅಪಘಾತದಲ್ಲಿ ಮಡಿಯುತ್ತಲೂ ನೇತ್ರದಾನವನ್ನು ಬೇಡಿದ ತರುಣ ಹರೀಶನ ಹೆಸರಿನಲ್ಲಿ, ಗಾಯಾಳುಗಳ ಮೊದಲ ೪೮ ಗಂಟೆಗಳ ಚಿಕಿತ್ಸೆಗೆ ೨೫ ಸಾವಿರ ರೂಪಾಯಿಗಳವರೆಗೆ ಕೊಡುವ ಯೋಜನೆಯೂ ಆ ವರ್ಷವೇ ಬಂದಿತು. ಇವೆಲ್ಲ ಸ್ತುತ್ಯ. ಆದರೆ ಬಾಗಿಲಿನಲ್ಲಿ ಹಣವನ್ನು ಕೇಳಬೇಡವೆಂದು ಹೇಳಿದ ಮಾತ್ರಕ್ಕೆ ವೆಚ್ಚವು ಮಾಯವಾಗದು. ಅದನ್ನು ಹೊರುವವರು ಮೊದಲೇ ಸಿದ್ಧರಾಗಿರಬೇಕು.

ಮೇಲೆ ಹೇಳಿದ ಬಸವೇಶ್ವರನಗರದ ಮನೆಗೆ ಈ ಲೇಖಕನು ಪುನಃ ಹೋದಾಗ, ಮುಂದಿನ ಚಿಕಿತ್ಸೆಗಾಗಿ ಸೊಸೆಯ ಬಳೆಗಳು ಗಿರವಿಗೆ ಹೋಗಿದ್ದುವು. ಪಡಿತರ ಚೀಟಿಯೋ ಪೆಟ್ಟಿಗೆಯಲ್ಲಿಯೇ ಇದ್ದಿತು. ಅದರಿಂದ ಯಾವ ಆಸ್ಪತ್ರೆಯಲ್ಲಿ ಯಾವ ನೆರವು ದೊರೆಯುವುದೆಂಬುದನ್ನು ಅವರಿಗೆ ಮೊದಲೇ ತಿಳಿಸಿದವರು ಯಾರೂ ಇರಲಿಲ್ಲ. ಮನೆಗೆ ಬಂದು ಪಾದೋದಕ ಪ್ರಸಾದಗಳನ್ನು ಕೊಟ್ಟ ನಾವೂ ತಿಳಿಸಿರಲಿಲ್ಲ. ಇದನ್ನು ಹೇಳಲು ಲಜ್ಜೆಯಾಗುತ್ತದೆ, ಆದರೂ ಹೇಳಲೇಬೇಕು.

ಉತ್ಸವಕಾಲದಲ್ಲಿ ಮಠದ ಹಿರಿಮೆಯನ್ನು ಹೊಗಳುವುದು ಸುಲಭ. ಕೋಡಿಯ ಮಠದ ಶಾಸನವು ನಮ್ಮ ಮುಂದೆ ಇಡುವ ಪ್ರಶ್ನೆ ಬೇರೆ: ಅನ್ನವನ್ನೂ ವಿದ್ಯೆಯನ್ನೂ ಉಳಿಸಿಕೊಂಡ ನಾವು ಮೂರನೆಯದನ್ನು ಏನು ಮಾಡಿದೆವು? ಎಲ್ಲ ಮಠಗಳೂ ಆಸ್ಪತ್ರೆಗಳನ್ನು ಕಟ್ಟಲಾರವು. ಆದರೆ ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು, “ಅಪ್ಪಾ, ನಿನ್ನ ಚೀಟಿ ಸರಿಯಾಗಿದೆಯೇ? ನಿನ್ನ ಮನೆಗೆ ಹತ್ತಿರದಲ್ಲಿ ಅದನ್ನು ಒಪ್ಪುವ ಆಸ್ಪತ್ರೆ ಯಾವುದು?” ಎಂದು ಆರೋಗ್ಯದ ದಿನದಲ್ಲಿಯೇ ಕೇಳಿ, ಓದಲು ಬಾರದವನಿಗೆ ಬರೆಸಿಕೊಡುವುದು ಯಾವ ಮಠಕ್ಕೂ ಅಸಾಧ್ಯವಲ್ಲ. ಹೀಗೆ ಮಾಡಿದಲ್ಲಿ ವಾಗ್ಭಟನು ರೋಗಿಯಿಂದ ಬೇಡಿದ ಮೊದಲನೆಯ ಗುಣವನ್ನು ಸಮಾಜವು ತಾನು ಹೊತ್ತಂತಾಗುವುದು. ಚರಕನು ಹೇಳಿದ ನಾಲ್ಕು ಗುಣಗಳೇ ರೋಗಿಗೆ ಸಾಕಾಗುವುವು. ಭಕ್ತಮಹಾಶಯರು ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು. ಸರ್ವರಿಗೂ ಆರೋಗ್ಯವಾಗಲಿ. ಶರಣು ಶರಣಾರ್ಥಿ.