ಬಾಲೂ ತಮ್ಮ: ದಪ್ಪ, ದುಂಡು ಕನ್ನಡ ಅಕ್ಷರ

ಎದುರಿನ ಹಲಗೆಯಲ್ಲಿ ‘ಬೆಣ್ಣೆ ದೋಸೆ’ ಎಂದು ಮೂಡಿರುವ ಅಕ್ಷರಶೈಲಿ ‘ಬಾಲೂ ತಮ್ಮ’. ಮುಂಬೈನ ಏಕ್ ಟೈಪ್ ಬಳಗದ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ರೂಪಿಸಿದ್ದು; ಗೂಗಲ್ ಫಾಂಟ್ಸ್‌ಗೆ ಬಂದದ್ದು 2016ರಲ್ಲಿ. ದೇವನಾಗರಿ, ತಮಿಳು, ತೆಲುಗು, ಮಲಯಾಳಂ ಮೊದಲಾದ ಲಿಪಿಗಳಲ್ಲೂ ಇದರ ಒಡಹುಟ್ಟುಗಳಿವೆ.

ಇಂಥ ಫಾಂಟುಗಳು ಬರುವ ಮೊದಲು ಬೆಂಗಳೂರಿನ ಬಿನ್ನಿಪೇಟೆಯಲ್ಲೂ, ಊರಿನ ಉಳಿದೆಡೆಯಂತೆ, ಅಂಗಡಿ ಬೋರ್ಡು ಬರೆಯುತ್ತಿದ್ದವರು ಕುಂಚದ ಕಲಾವಿದರು. ತಗಡಿನ ಮೇಲೆ ಎನಾಮೆಲ್ ಬಣ್ಣ. ದುಂಡಕ್ಷರ ಅವರ ಕೈಗೆ ಒಗ್ಗಿದ್ದು, ಕನ್ನಡ ಲಿಪಿಯೇ ದುಂಡಲ್ಲವೇ! ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು, ಫಾಂಟುಗಳಿಗೆ ಬೇಡಿಕೆ ಬಂತು.

‘ಣ್ಣೆ’ಯ ಕೆಳಗಿನ ಒತ್ತನ್ನು ಹತ್ತಿರದಿಂದ ನೋಡಿ. ಮೇಲಿನ ಅಕ್ಷರ ಇಷ್ಟು ದಪ್ಪವಿದ್ದರೆ ಒತ್ತಿಗೆ ಜಾಗ ಸಾಲದು. ಅದಕ್ಕೇ ಅದರ ಗೆರೆ ತುಸು ತೆಳು. ಒಳಗಿನ ಖಾಲಿ ಜಾಗ ಮುಚ್ಚಿಹೋಗಿಲ್ಲ.

ಬೇಕರಿ ಬೋರ್ಡು, ಮಕ್ಕಳ ಪುಸ್ತಕದ ರಕ್ಷಾಪುಟ, ಯೂಟ್ಯೂಬ್ ಶೀರ್ಷಿಕೆಗೆ ಹೇಳಿಮಾಡಿಸಿದ ಶೈಲಿ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಮಾತ್ರ ಬೇಡ. ಮೊದಲಿಗೆ ಒಂದೇ ದಪ್ಪವಿತ್ತು. ಆಮೇಲಿನ ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪಗಳಿವೆ. ಮುಕ್ತ ಪರವಾನಗಿಯ ಫಾಂಟ್ ಆದ್ದರಿಂದ ನಿಮ್ಮ ಅಂಗಡಿ ಬೋರ್ಡಿಗೂ ಉಚಿತವಾಗಿ ಬಳಸಬಹುದು.