ಜೋಡಿ ಕಟ್ಟಿದವರು ಯಾರು?

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಹೊಸ ಹುಡುಗನೊಬ್ಬ ಹೆಸರು ಮಾಡುತ್ತಿದ್ದಾನೆ ಎಂದರೆ ಮೊದಲು ಕಿವಿಗೆ ಬೀಳುವುದು ಅಂಕಿ. ಇಷ್ಟು ಪಂದ್ಯ, ಇಷ್ಟು ಗೆಲುವು, ಇಷ್ಟು ನಾಕೌಟ್. ಓದುಗರೇ, ಆ ಅಂಕಿಗೆ ಮಾರುಹೋಗುವ ಮುನ್ನ ಒಂದು ಮಾತು ಕೇಳಿ ನೋಡಿ: ಇವನಿಗೆ ಜೋಡಿ ಕಟ್ಟಿದವರು ಯಾರು, ಎಂಥವರೊಡನೆ ಕಟ್ಟಿದರು?

ಈ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಿದ್ದಾನೆ. ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಲ್ಲು ಮುರಿಯುವ, ಕಣ್ಣು ಕೀಳುವ ಹೊಡೆತಗಳನ್ನು ವರ್ಣಿಸುತ್ತಾನೆ. ಕಣದಲ್ಲಿ ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸಲು ತೀರ್ಪುಗಾರರಿದ್ದರೆಂದೂ ಹೇಳುತ್ತಾನೆ. ಹದಿನೈದು ವರ್ಷಗಳ ತರುವಾಯ ಬರೆದ ನೂನಿಜ್ ಕೊಡುವ ವಿವರ ಇನ್ನೂ ಸ್ವಾರಸ್ಯದ್ದು: ಮಲ್ಲರು ಮೊನೆಗಳುಳ್ಳ ಬಳೆ ಹಿಡಿದು ಹೊಡೆದಾಡುತ್ತಿದ್ದರು, ಹೆಚ್ಚು ಗಾಯಗೊಂಡವನು ಅರಸನಿಂದ ರೇಷ್ಮೆ ಬಟ್ಟೆ ಪಡೆಯುತ್ತಿದ್ದನು. ಗೆದ್ದವನಲ್ಲ, ಗಾಯಗೊಂಡವನು! ಪೆಟ್ಟು ತಿಂದೂ ನಿಲ್ಲುವುದು ಒಂದು ವಿದ್ಯೆಯೆಂದು ಆ ಆಸ್ಥಾನಕ್ಕೆ ಗೊತ್ತಿತ್ತೆಂದು ನನ್ನ ಊಹೆ.

ಅಂಥದೇ ಕಾಳಗ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳಿಗೆ ಮೊದಲೇ ಜೋಡಿ ಗೊತ್ತುಮಾಡಿರುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ದೂರದ ಹಳದೀಪುರದಲ್ಲಿ ಕುಳಿತು ಅದನ್ನು ಟಿ.ವಿ.ಯಲ್ಲಿ ನೋಡುವವರಿಗೆ ಕಾಣುವುದು ಅಷ್ಟೇ ಹೊತ್ತು. ನಮ್ಮ ಕ್ಯಾಮೆರಾಕ್ಕೂ ಅದಕ್ಕಿಂತ ಹೆಚ್ಚು ಸಿಗದು. ಅದರಿಂದ ಜಟ್ಟಿಯ ಪಳಗಿಕೆಯನ್ನು ಅಳೆಯುವುದೆಂದರೆ ಒಂದೇ ಹನಿ ನೀರಿನಿಂದ ಇಡೀ ಕೆರೆಯನ್ನು ಪರೀಕ್ಷಿಸಿದಂತೆ. ವಿಜ್ಞಾನ ಓದಿದವನು ಒಪ್ಪುವ ಮಾತಲ್ಲ. ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಮನೆಯವರ ಆಟ ಕಂಡ ಸೀಮೆ ಅದು. ಎಳೆಯ ವೇಷಧಾರಿಯನ್ನು ಪ್ರವೇಶದ ಕುಣಿತ ನೋಡಿ ಅಳೆಯುವವರು ಅಲ್ಲಿ ಕಡಿಮೆ. ಬೆಳಗಿನ ಜಾವದ ತನಕ ದಮ್ಮು ಉಳಿಯಿತೇ ಎಂದು ಕೇಳುತ್ತಾರೆ.

ಇದೇ ಪ್ರಶ್ನೆಯನ್ನು 1974ರಲ್ಲಿ ಜಾರ್ಜ್ ಫೋರ್‌ಮನ್‌ಗೆ ಕೇಳಿದವರು ವಿರಳ. ವಯಸ್ಸು 25, 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಎದುರಾಳಿಗಳೂ ಸಾಮಾನ್ಯರಲ್ಲ. ಜೋ ಫ್ರೇಜಿಯರ್ ಎರಡನೆಯ ಸುತ್ತಿನಲ್ಲಿ ಸೋತ, ರೋಮನ್ ಮೊದಲನೆಯದರಲ್ಲಿ, ಕೆನ್ ನಾರ್ಟನ್ ಮತ್ತೆ ಎರಡರಲ್ಲಿ. ಅಂದರೆ ಮೂರು ವಿಶ್ವಪಟ್ಟದ ಪಂದ್ಯ ಸೇರಿ ಅವನು ಕಣದಲ್ಲಿದ್ದುದು ಐದು ಸುತ್ತಿಗೂ ಕಡಿಮೆ. ದಣಿದ ಮೇಲೆ ಏನು ಮಾಡಬೇಕೆಂಬುದನ್ನು ಆ ಗೆಲುವುಗಳು ಕಲಿಸಿರಲಿಲ್ಲ. ಎದುರಿಗೆ ಬಂದ 32ರ ಮಹಮ್ಮದ್ ಅಲಿ, ಫ್ರೇಜಿಯರ್‌ಗೂ ನಾರ್ಟನ್‌ಗೂ ಒಮ್ಮೊಮ್ಮೆ ಸೋತು ಮತ್ತೆ ಗೆದ್ದವನು. ಅಕ್ಟೋಬರ್ 30ರಂದು ಕಿನ್‌ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ಹೊಡೆತ ತಿನ್ನುತ್ತ, ಫೋರ್‌ಮನ್ನನ ತೋಳು ಸೋಲುವುದನ್ನೇ ಕಾದ. ಎಂಟನೆಯ ಸುತ್ತಿನಲ್ಲಿ ಕೆಡವಿದ.

ಇಪ್ಪತ್ತು ವರ್ಷ ಕಳೆದು, 1994ರ ನವೆಂಬರ್ 5ರಂದು, 45ರ ಫೋರ್‌ಮನ್ ಮತ್ತೆ ಪಟ್ಟಕ್ಕಾಗಿ ಕಣಕ್ಕಿಳಿದ. ಈ ಸಲ 35ಕ್ಕೆ 35 ಗೆದ್ದು ಬಂದಿದ್ದವನು ಎದುರಾಳಿ ಮೈಕೆಲ್ ಮೂರರ್. ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಫೋರ್‌ಮನ್ ಹಿಂದಿದ್ದ. ಹತ್ತನೆಯದರಲ್ಲಿ ಮೂರರ್ ಕೆಳಗೆ ಬಿದ್ದ, ಏಳಲಿಲ್ಲ.